ಮುನಿಸ್ವಾಮಿಯ ಕೆಂಪು ಟ್ಯಾಗ್

ಕೊಲ್ಲಿ ನಾಡಿನ ಮುಸಫ್ಫಾದಲ್ಲಿ ನಮ್ಮ ಕೋಲಾರದ ಮುನಿಸ್ವಾಮಿಯವರಿಗೆ ಹೆದರದ ಕಬ್ಬಿಣದ ಪೈಪಿಲ್ಲ. ಕೆಲಸಗಾರರು ಹತ್ತಿ ನಿಲ್ಲುವ ಸ್ಕ್ಯಾಫೋಲ್ಡಿಂಗನ್ನು ಪರೀಕ್ಷಿಸುವುದು ಅವರ ಕೆಲಸ. ತಟ್ಟಿ, ಅಲ್ಲಾಡಿಸಿ ನೋಡಿ ಹಸಿರು ಟ್ಯಾಗ್ ತೂಗುಹಾಕಿದರೆ ಏಳು ದಿನ ಹತ್ತಬಹುದು. ಕೆಂಪು ಟ್ಯಾಗ್ ಬಿದ್ದರೆ ಕಂಪನಿಯ ಮಾಲೀಕನೂ ಕಾಲಿಡುವಂತಿಲ್ಲ. ಅದನ್ನು ಹಾಕಿದವರೇ ತೆಗೆಯಬೇಕು. ಹದಿನಾರು ವರ್ಷದಲ್ಲಿ ಈ ಮನುಷ್ಯ ಒಂದು ಬೋಲ್ಟಿಗೂ ದಾಕ್ಷಿಣ್ಯ ತೋರಿಸಿದ್ದಿಲ್ಲ.

ಇಂಥವರ ಮಗಳು ನಿಸರ್ಗಳಿಗೆ ಇಲ್ಲಿನ ಕನ್ನಡ ಮಕ್ಕಳ ನಾಟಕದಲ್ಲಿ ಗ್ರೀಕ್ ಸೇನಾಪತಿ ಡಿಮೆಟ್ರಿಯಸ್‌ನ ಪಾತ್ರ ಸಿಕ್ಕಿತು. ಮುತ್ತಿಗೆ ಹಾಕುವುದರಲ್ಲಿ ಆಸಾಮಿ ಮಹಾ ಜಾಣ. ರೋಡ್ಸ್ ಪಟ್ಟಣ ಹಿಡಿಯಲು ಚಕ್ರದ ಮೇಲೆ ಉರುಳುವ ದೈತ್ಯ ಗೋಪುರವನ್ನೇ ಕಟ್ಟಿಸಿ, ಕೊನೆಗೆ ಹಿಡಿಯಲಾಗದೆ ವಾಪಸು ಹೋದವನು. ಮಕ್ಕಳಿಗೆ ಬೇಜಾರಾಗಬಾರದೆಂದು ಜೋಯ್ಲಿನ್ ಟೀಚರ್ ನಾಟಕದಲ್ಲಿ ಅವನನ್ನು ಗೆಲ್ಲಿಸಿಬಿಟ್ಟಿದ್ದರು. ನಿಸರ್ಗಳಿಗೆ ಇದ್ದದ್ದು ಒಂದೇ ಮಾತು. ಗೋಪುರದ ತುದಿಯಲ್ಲಿ ನಿಂತು "ಊರು ನನ್ನದು!" ಎನ್ನಬೇಕು. ತಿಂಗಳಿಡೀ ಗಡ್ಡ ಅಂಟಿಸಿಕೊಂಡು ಅದನ್ನೇ ಕೂಗಿದಳು.

ಗೋಪುರ ಕಟ್ಟಿದ್ದು ಮುನಿಸ್ವಾಮಿ. ಮಗಳ ಒಂದು ಕಾರ್ಯಕ್ರಮಕ್ಕೂ ಹೋಗದ ತಪ್ಪಿಗೆ ಮೂರು ದಿನ ರಜಾ ಹಾಕಿ ಕಟ್ಟಿದರು. ಸಭಾಂಗಣ ತುಂಬಿದ ಮೇಲೆ ಕೊನೆಯ ಸಲ ಅಲ್ಲಾಡಿಸಿ ನೋಡಿದರೆ ಒಂದು ಚಕ್ರದ ಬ್ರೇಕ್ ಮುರಿದಿತ್ತು. ಕೈ ತಾನಾಗಿಯೇ ಜೇಬಿಗೆ ಹೋಯಿತು.

ರೋಡ್ಸಿನ ಪ್ರಜೆಗಳು ಶರಣಾಗಲು ರಟ್ಟಿನ ಗೋಡೆಯ ಹಿಂದೆ ತಯಾರಾಗಿ ನಿಂತಿದ್ದರು. ಸೇನಾಪತಿ ಬಂದಳು, ಕೆಂಪು ಟ್ಯಾಗ್ ನೋಡಿದಳು, ಅಪ್ಪನ ಸಹಿ ಗುರುತಿಸಿದಳು.

"ಅಪ್ಪಾ, ಸೀರಿಯಸ್ಲೀ?"

"ಬ್ರೇಕಿಲ್ಲ ಕಣಮ್ಮ, ಹತ್ಬೇಡ," ಎಂದು ಪರದೆಯ ಮರೆಯಿಂದ ಉತ್ತರ ಬಂತು.

ಅವಳು ಗಡ್ಡ ಕಿತ್ತೆಸೆದು ಸೈನ್ಯದ ಕಡೆ ತಿರುಗಿ, "ಯಲ್ಲಾ, ಖಲಾಸ್! ನಡೀರಿ, ಮುಗೀತು!" ಎಂದಳು. ಸೈನ್ಯ ಬಿರಿಯಾನಿ ಕೌಂಟರಿನತ್ತ ನಡೆಯಿತು. ಜನ ಬಿದ್ದು ಬಿದ್ದು ನಕ್ಕರು. ಆ ಮಗುವಿನ ಮುಖ ನೋಡಿ ಮುಂದಿನ ಸಾಲಿನಲ್ಲಿ ಕೂತಿದ್ದ ನನಗೆ ಮುನಿಸ್ವಾಮಿಯ ಮೇಲೆ ಕೆಟ್ಟ ಕೋಪ ಬಂತು.

ಮರುದಿನ ಬೈದೇ ಬರೋಣವೆಂದು ಅವರ ಮನೆಗೆ ಹೋದೆ. ನಿಸರ್ಗಳ ಕೋಣೆಯ ಬಾಗಿಲಲ್ಲಿ ಕೆಂಪು ಟ್ಯಾಗ್ ತೂಗುತ್ತಿತ್ತು. ಅಪ್ಪನ ಬ್ಯಾಗಿನದೇ, ಸಹಿ ಮಾತ್ರ ಅವಳದು. ಎದುರಿಗೆ ಮುನಿಸ್ವಾಮಿ ನೆಲದ ಮೇಲೆ ಕೂತಿದ್ದರು. ಬಾಗಿಲಿಗೆ ಚಿಲಕ ಕೂಡ ಹಾಕಿರಲಿಲ್ಲ.

"ಬೆಳಗ್ಗೆಯಿಂದ ಹಿಂಗೇ ಕೂತವ್ರೆ. ರೀ, ತಳ್ಕೊಂಡು ಒಳಗೋಗ್ರೀ," ಎಂದರು ಹೆಂಡತಿ ಚಾಮುಂಡೇಶ್ವರಿ.

"ಆಗಲ್ಲ ಕಣೇ. ಹಾಕ್ದೋರೇ ತೆಗೀಬೇಕು."

ತಟ್ಟೆಯಲ್ಲಿದ್ದ ಇಡ್ಲಿ ಒಣಗಿ ಕಲ್ಲಾಗಿತ್ತು. ಬೈಯಲು ಬಂದವನು ನಾನೂ ಪಕ್ಕದಲ್ಲಿ ಕೂತೆ. ಸಂಜೆ ಹೊತ್ತಿಗೆ ಒಳಗಿನಿಂದ ದನಿ ಬಂತು: "ಹತ್ತಿದ್ರೆ ನಾನು ಬೀಳ್ತಿದ್ನಾ?"

ಹೌದು ಎಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಈ ಪುಣ್ಯಾತ್ಮನಿಗೆ ಸುಳ್ಳೂ ಬರುವುದಿಲ್ಲ.

"ಬಹುಶಃ ಬೀಳ್ತಿರ್ಲಿಲ್ಲ," ಎಂದರು. ಆಮೇಲೆ ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದರು. "ಹತ್ತೋಳು ನೀನಲ್ವಾ? ಬಹುಶಃ ಅಂದ್ರೆ ನಂಗೆ ಸಾಕಾಗಲ್ಲಮ್ಮ."

ಬಾಗಿಲು ತೆರೆಯಿತು. ನಿಸರ್ಗ ಕೆಂಪು ಟ್ಯಾಗ್ ಬಿಚ್ಚಿ, ಹಸಿರು ಟ್ಯಾಗ್ ತೂಗುಹಾಕಿದಳು. ಅದರ ಮೇಲೆ 'ಎಷ್ಟು ಜನ ಹತ್ತಬಹುದು' ಎಂದು ಅಚ್ಚಾಗಿದ್ದಲ್ಲಿ 'ಅಪ್ಪ ಒಬ್ಬರೇ' ಎಂದು ಬರೆದಿದ್ದಳು. ಅವಧಿ ಏಳು ದಿನ. ಈಗಲೂ ಪ್ರತಿ ಶನಿವಾರ ಮುನಿಸ್ವಾಮಿ ಬಾಗಿಲು ತಟ್ಟಿ, ಹೊಸ ಸಹಿ ಹಾಕಿಸಿಕೊಂಡೇ ಒಳಗೆ ಹೋಗುತ್ತಾರೆ.