ನಲವತ್ತೊಂದರ ತೋಟಾ

ನಮ್ಮ ಮನೆಯ ರಿವಾಲ್ವರ್ ಹಾರೀತೆಂದು ನಾನು ಎಂದೂ ಹೆದರಿದವನಲ್ಲ. ನಾನು ಹೆದರುವುದು ನನ್ನ ಕೈಬರಹದ ಒಂದು ಅರ್ಜಿಗೆ.

ರಿವಾಲ್ವರ್ ಅಜ್ಜ ಕೊಂಡದ್ದು. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸು ನನ್ನ ಹೆಸರಿಗೆ ಬರಬೇಕಾಯಿತು. ತಿಳವಳ್ಳಿಯಲ್ಲಿ ಮನೆ, ಹಾನಗಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರಿಕೆ. ನನಗೇಕೆ ಬೇಕಿತ್ತು ಆ ಉಸಾಬರಿ? ಬೇಡವೆಂದರೆ ಅವ್ವ, "ಮನಿತನದ್ದು, ಇರ್ಲಿ ಬಿಡೋ" ಎಂದಳು. ಹೂಂ ಎಂದೆ.

ನಮ್ಮಲ್ಲಿ ಕಾಡತೂಸಿಗೆ ತೋಟಾ ಎನ್ನುತ್ತಾರೆ. ಲೈಸೆನ್ಸು ಇದ್ದವರು ಎದುರಾದರೆ "ನಿಮ್ಮದು ತೋಟಾ ಎಷ್ಟು?" ಎಂದು ಕೇಳುವುದು ಅಳತೆಯನ್ನು, ಅಂದರೆ ಗುಂಡು ಇಂಚಿನ ನೂರು ಪಾಲಿನಲ್ಲಿ ಎಷ್ಟು ಪಾಲು ದಪ್ಪವೆಂದು. ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಿ ಕೇಳಿದರೂ "ಮೂವತ್ತೆರಡು" ಎನ್ನುತ್ತಾರೆ. ಅಪ್ಪ ಮಾತ್ರ ಮೀಸೆ ತೀಡಿ "ನಲವತ್ತೊಂದು" ಎನ್ನುತ್ತಿದ್ದ. ಲೈಸೆನ್ಸಿನ ಅರ್ಜಿಯಲ್ಲಿ "ತೋಟಾ ಎಷ್ಟು?" ಎಂದಿದ್ದುದನ್ನು ಕಂಡು ನಾನು ಹಿಂದೆ ಮುಂದೆ ನೋಡದೆ ನಲವತ್ತೊಂದು ಎಂದು ಬರೆದು ಸಹಿ ಜಡಿದೆ. ಅವರು ಕೇಳಿದ್ದು ಮನೆಯಲ್ಲಿ ಎಷ್ಟಿವೆ ಎಂದು. ಇದ್ದದ್ದು ನಾಲ್ಕು. ಪ್ರಶ್ನೆ ಓದಿ ಉತ್ತರ ಬರೆಯಿರಿ ಎಂದು ಮಕ್ಕಳ ಕಿವಿ ಹಿಂಡುವ ಮಾಸ್ತರ ನಾನು.

ಚುನಾವಣೆ ಬಂದಾಗಲೆಲ್ಲ ರಿವಾಲ್ವರನ್ನು ಠಾಣೆಗೆ ಒಪ್ಪಿಸಿ ಬರುತ್ತಿದ್ದೆ. ತೋಟಾದ ಸುದ್ದಿ ಯಾರೂ ತೆಗೆದಿರಲಿಲ್ಲ. ಹೋದ ಸಲ ಹೊಸದಾಗಿ ಬಂದ ಸಾಹೇಬರು ಕಡತ ತಿರುವಿ, "ನಲವತ್ತೊಂದೂ ತರ್ರಿ, ಎಂಟು ದಿನದಾಗ. ಹಾರಿಸಿದ್ರ ತೋಟಾದ ಖಾಲಿ ಕೊಳವೀನರ ತೋರಸ್ರಿ" ಎಂದರು.

"ನಾಲ್ಕ ಅದಾವ್ರಿ ಸಾಹೇಬ್ರ. ತಪ್ಪಿ ಬರದೇನಿ."

"ಮೂವತ್ತೇಳು ಮಾರಿಕೊಂಡಾವನೂ ಹಿಂಗ ಹೇಳ್ತಾನ್ರಿ."

ಕೇಸಾದರೆ ನೌಕರಿಗೆ ಸಂಚಕಾರ. ಅನ್ನ ಸೇರಲಿಲ್ಲ. ಅವ್ವನ ಮೇಲೆ ಸಿಟ್ಟು ಬಂತು, ಸತ್ತ ಅಪ್ಪನ ಮೇಲೂ ಬಂತು. ಈ ಅಳತೆಯ ತೋಟಾ ಎಲ್ಲೂ ಸಿಗುವುದಿಲ್ಲವೆಂದು ಬರೆಸಿಕೊಂಡು ಬಂದರೆ ನಲವತ್ತೊಂದು ತೋಟಾ ನನ್ನ ಬಳಿ ಇರಲಾರವೆಂದು ಸಾಬೀತಾಗುತ್ತದೆ ಎಂದು ಲೆಕ್ಕ ಹಾಕಿ ಹುಬ್ಬಳ್ಳಿ ಬಸ್ಸು ಹತ್ತಿದೆ.

ಬಂದೂಕಿನ ಅಂಗಡಿಯ ಮುದುಕರು ನನ್ನ ಕತೆಯೆಲ್ಲ ಕೇಳಿ, ನಾನು ಒಯ್ದ ತೋಟಾವನ್ನು ಬೆಳಕಿಗೆ ಹಿಡಿದು ನೋಡಿದರು. "ಮಾಲು ಚಲೋ ಐತ್ರಿ ಮಾಸ್ತರ್ರ. ಮೂವತ್ತೆರಡಕ್ಕಿಂತ ಜೋರ ಹೊಡೀತೈತಿ."

"ಮತ್ತ ಯಾಕ ನಡೀಲಿಲ್ರಿ?"

"ಮಂದಿ ಹೆಂಗ ಹೊಡೀತೈತಿ ಅಂತ ಕೇಳೂದಿಲ್ರಿ, ಸಿಗತೈತೇನು ಅಂತ ಕೇಳ್ತಾರ. ಎಲ್ಲಾರ ಕಡೇನೂ ಮೂವತ್ತೆರಡರ ರಿವಾಲ್ವರ್. ಅದರಾಗ ಇದು ಹೋಗಂಗಿಲ್ಲ. ದೊಡ್ಡದು ಬೇಕಂದಾವ್ರು ಇದಕ್ಕಿಂತ ದೊಡ್ಡದಕ್ಕ ಹೋದ್ರು. ಇದು ನಡಕ ಸಿಕ್ಕಂಡ್ತು. ಕೇಳಾವ್ರಿಲ್ಲಂತ ನಾವು ತರಸಲಿಲ್ಲ, ನಾವು ತರಸಲಿಲ್ಲಂತ ಯಾರೂ ಕೇಳಲಿಲ್ಲ."

"ಇಷ್ಟು ಬರದು ಕೊಡ್ರಿ ಸಾಕು" ಎಂದೆ.

"ಈಗ ಎಲ್ಲೂ ಸಿಗಂಗಿಲ್ಲಂತ ಬರದು ಕೊಡ್ತೇನಿ. ನಿಮ್ಮ ಅಜ್ಜಾರು ಆಗಿನ ಕಾಲಕ್ಕ ಎಷ್ಟು ತಗೊಂಡಿದ್ರೋ, ಅದನ್ನ ನಾ ಹೆಂಗ ಬರೀಲಿ?"

ಅಷ್ಟಾದರೂ ಸಿಕ್ಕಿತಲ್ಲ ಎಂದು ಚೀಟಿಯನ್ನು ಜೋಪಾನವಾಗಿ ತಂದೆ. ಎಂಟನೆಯ ದಿನ ಸಾಹೇಬರ ಮೇಜಿನ ಮೇಲೆ ಚೀಟಿಯನ್ನೂ ನಾಲ್ಕು ತೋಟಾಗಳನ್ನೂ ಇಟ್ಟೆ. ಅವರು ಚೀಟಿಯನ್ನು ಎರಡು ಸಲ ಓದಿದರು.

"ಎಲ್ಲೂ ಸಿಗಂಗಿಲ್ಲಂತ ಬರದಾರ. ಅಂದ್ರ ಇಂಥವು ಬೇಕಾದಾವ್ರು ನಿಮ್ಮ ಮನೀಗೇ ಬರಬೇಕಾತಲ್ರಿ ಮಾಸ್ತರ್ರ."

ವಿಚಾರಣೆ ಮುಗಿಯುವ ತನಕ ಹೇಳದೆ ಊರು ಬಿಡಬಾರದೆಂದರು. ಚೀಟಿಯನ್ನು ಕಡತಕ್ಕೆ ಸೇರಿಸಿಕೊಂಡರು. ಚುನಾವಣೆ ಮುಗಿದು ಉಳಿದವರೆಲ್ಲ ತಮ್ಮ ತಮ್ಮ ಬಂದೂಕು ಒಯ್ದರು. ನಾನು ವಾರಕ್ಕೊಮ್ಮೆ ಶಾಲೆ ಬಿಟ್ಟ ಮೇಲೆ ಹೋಗಿ ಠಾಣೆಯ ಬೆಂಚಿನ ಮೇಲೆ ಕೂತು ಬರುತ್ತೇನೆ. ಜೀವಮಾನದಲ್ಲಿ ಒಂದು ಗುಂಡೂ ಹಾರಿಸಿದವನಲ್ಲ ನಾನು. ಅದಕ್ಕೆ ತೋರಿಸಲು ನನ್ನ ಬಳಿ ಒಂದು ಖಾಲಿ ಕೊಳವೆಯೂ ಇಲ್ಲ.