ಬಂದೂಕಿಗೆ ಅಡ್ಡ ನಿಂತ ಅಣ್ಣ

ನಾನು ಹೇಳಬೇಕಾಗಿದ್ದುದು ಒಂದೇ ಮಾತು. ಹೇಳಲಿಲ್ಲ. ಆಗ ಅಣ್ಣ ನನ್ನತ್ತ ತಿರುಗಿಸಿದ ಕಣ್ಣು, ಇಪ್ಪತ್ತು ವರ್ಷ ಸರಕು ಹಡಗಿನ ಮೇಲೆ ನಿಂತು ಸಮುದ್ರ ನೋಡಿ ಕಿರಿದಾದ ಕಣ್ಣು. ಅಂಚಿನಲ್ಲಿ ಮೀನಿನ ಬಾಲದಂತೆ ಸುಕ್ಕು.

ಕಡಲ್ಗಳ್ಳರ ಕಾಟಕ್ಕೆ ಅವನ ಹಡಗಿನಲ್ಲಿ ಬಂದೂಕಿನವರನ್ನು ಇಟ್ಟಾಗ ನನಗೆ ಖುಷಿಯಾಗಿತ್ತು. ಅವನಿಗೆ ಸರಿಬರಲಿಲ್ಲ. ರಜೆಯಲ್ಲಿ ಕಳವಾ ಎಂಬ ಊರಿನ ನನ್ನ ರೂಮಿಗೆ ಬಂದಾಗ ಕೆಣಕಿದ್ದೆ: “ಬಂದೂಕು ಬೇಡಾಂದ್ರೆ ಕಳ್ಳರಿಗೆ ಆರತಿ ಎತ್ತುದಾ?”

“ಕಳ್ಳರಿಗೆ ಹೊಡೀಲಿ ಮಾರಾಯ. ಬಂದದ್ದು ಯಾರು ಅಂತ ನೋಡ್ಲಿಕ್ಕೆ ಅವರಿಗೆ ಪುರುಸೊತ್ತು ಉಂಟಾ? ಅಪ್ಪ ಅವತ್ತು ಹಡಗಿನ ಎದುರಿಗೆ ಹೇಗೆ ನುಗ್ಗಿದ, ಮರ್ತೆಯಾ?”

ಮರೆತಿರಲಿಲ್ಲ. ಊರಲ್ಲಿ ಅಪ್ಪ ಮೀನು ಹಿಡಿಯುತ್ತಿದ್ದ. ಒಮ್ಮೆ ದೊಡ್ಡ ಹಡಗೊಂದು ನಾವು ಬಿಟ್ಟ ಬಲೆಯ ಮೇಲೆಯೇ ಬರುತ್ತಿತ್ತು. ಬಲೆ ಉಳಿಸಲು ಅಪ್ಪ ದೋಣಿಯನ್ನು ನೇರ ಹಡಗಿನ ಎದುರಿಗೇ ಓಡಿಸಿದ, ಲುಂಗಿ ಬಿಚ್ಚಿ ಬೀಸುತ್ತ, ಬೊಬ್ಬೆ ಹಾಕುತ್ತ. ದೋಣಿಯಲ್ಲಿ ಅಣ್ಣನೂ ಇದ್ದ, ನಾನೂ ಇದ್ದೆ.

ಅಣ್ಣ ರಜೆ ಮುಗಿಸಿ ಹಡಗಿಗೆ ಮರಳಿದ ಮೇಲೆ ಒಮ್ಮೆ ಅಂಥದೇ ದೋಣಿ ನುಗ್ಗಿ ಬಂತು. ಅವನು ಬಂದೂಕಿಗೆ ಅಡ್ಡ ನಿಂತ. ಮೀನಿನವರು, ಹೊಡೆಯಬೇಡಿ ಎಂದ. ದೋಣಿ ತಿರುಗಿ ಹೋಯಿತು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅಣ್ಣನ ಮೇಲೆ ದೂರು ಮಾತ್ರ ಹೋಯಿತು.

ವಿಚಾರಿಸಲು ಬಂದ ಕಂಪನಿಯವನನ್ನು ಅಣ್ಣ ನಾನು ದುಡಿಯುವ ನೌಪಾಡಾದ ಹೋಟೆಲಿಗೇ ಕರೆದುಕೊಂಡು ಬಂದ. ಅಪ್ಪನ ಕತೆ ಕೇಳಿ ಆತ ನಕ್ಕ. ಅಷ್ಟು ದೊಡ್ಡ ಹಡಗಿಗೆ ಯಾರಾದರೂ ಎದುರು ಹೋಗುತ್ತಾರೆಯೇ ಎಂದ.

“ನನ್ನ ತಮ್ಮನೂ ಆ ದೋಣಿಯಲ್ಲಿದ್ದ. ಅವನನ್ನೇ ಕೇಳಿ ಸಾರ್.”

ಪಕ್ಕದಲ್ಲಿ ಹೋಟೆಲಿನ ಧಣಿ ನಿಂತಿದ್ದರು. ಕೆಲಸಕ್ಕೆ ಸೇರುವಾಗ ನಮ್ಮದು ಬೇಸಾಯದ ಮನೆ ಎಂದಿದ್ದೆ. ಮೀನಿನವರೆಂದರೆ ಸಸ್ಯಾಹಾರಿ ಹೋಟೆಲಿನ ಅಡುಗೆಮನೆಗೆ ಬಿಡಲಾರರೆಂಬ ಹೆದರಿಕೆ.

“ನಾವು ದೋಣಿ ಗೀಣಿ ಹತ್ತಿದವರಲ್ಲ,” ಎಂದೆ.

ಅಣ್ಣ ಚಹಾ ಕುಡಿದು, ಲೋಟ ತಾನೇ ತೊಳೆದಿಟ್ಟು ಹೋದ. ಮತ್ತೆ ಯಾವ ಹಡಗೂ ಅವನನ್ನು ಕರೆಯಲಿಲ್ಲ. ಐರೋಲಿಯ ಕಟ್ಟಡವೊಂದರಲ್ಲಿ ವಾಚ್‌ಮನ್ ಆದ. ಗೇಟಿಗೆ ಯಾರೇ ಬರಲಿ, ಮುಖ ಸರಿಯಾಗಿ ನೋಡುವ ತನಕ ದನಿ ಏರಿಸುತ್ತಿರಲಿಲ್ಲವಂತೆ. ಆರು ವರ್ಷ ನನ್ನ ಜೊತೆಯಲ್ಲೇ ಉಂಡ, ಆ ಮಾತು ಎತ್ತಲಿಲ್ಲ. ಒಮ್ಮೆ ಬೈದಿದ್ದರೂ ಸಾಕಿತ್ತು.

ಕಳೆದ ತಿಂಗಳು ಎದೆನೋವಿನಿಂದ ತೀರಿಕೊಂಡ. ಹಾರ ಹಿಡಿದು ಬಂದ ಧಣಿ ನಿಟ್ಟುಸಿರಿಟ್ಟರು: “ಪಾಪ, ಒಂದು ಸುಳ್ಳು ಹೇಳಿ ಒಳ್ಳೆ ಕೆಲಸ ಕಳ್ಕೊಂಡ.”

“ಸುಳ್ಳು ಹೇಳಿದ್ದು ಅವನಲ್ಲ ಧಣಿ, ನಾನು. ನಾವು ಮೀನಿನವರು.”

ರೂಮು ತುಂಬ ಜನರಿದ್ದರು. ಎಲ್ಲರಿಗೂ ಕೇಳಲಿ ಎಂದೇ ಅವನ ಕಾಲು ಹಿಡಿದು ಗಟ್ಟಿಯಾಗಿ ಹೇಳಿದೆ:

“ಅಣ್ಣ, ಅವತ್ತು ದೋಣಿಯಲ್ಲಿ ನಾನೂ ಇದ್ದೆ. ತಪ್ಪಾಯ್ತು.”