ಮರಳಿನಲ್ಲೂ ಬೂಟು ಬಿಚ್ಚದ ಬೆರಿಲ್

"ಅಮ್ಮಾ, ಬೆರಿಲ್ ಅಜ್ಜಿ ಮರಳಲ್ಲೂ ಯಾಕೆ ಬೂಟು ಬಿಚ್ಚಲ್ಲ? ಅವರಿಗೆ ಕಾಲ್ಬೆರಳು ಇಲ್ವಾ?"

ಬಸ್ಸಿಳಿಯುತ್ತಲೇ ಐದು ವರ್ಷದ ಟೆಸ್ಸಿ ಎಲ್ಲರಿಗೂ ಕೇಳುವ ಹಾಗೆ ಕೇಳಿಬಿಟ್ಟಳು. ಅವಳಮ್ಮ ರೋವೆನಾಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಪಕ್ಕದ ಮನೆಯ ಬೆರಿಲ್ ಮಾತ್ರ, "ಹತ್ತೂ ಇವೆ ಕಣೇ. ರಾತ್ರಿ ಮಲಗೋವಾಗ ಎಣಿಸ್ಕೊಂಡೇ ಮಲಗ್ತೀನಿ" ಎಂದು ಚೀಲ ಹೆಗಲಿಗೇರಿಸಿದರು.

ಲೆಸ್ಟರಿನ ಕಾಲುಚೀಲದ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದವರು ಬೆರಿಲ್. ಊರವರಿಗೆಲ್ಲ ಕಾಲುಚೀಲ ಹೊಲಿದವರ ಪಾದವನ್ನು ಯಾರೂ ಕಂಡಿರಲಿಲ್ಲ. ಬೇಸಿಗೆಯಲ್ಲೊಂದು ಶನಿವಾರ ಬೀದಿಯವರು ಬಸ್ಸು ಮಾಡಿಕೊಂಡು ಸಾಲ್ಟ್‌ಹೋಮಿನ ಕಡಲಿಗೆ ಹೊರಟರೆ ತಪ್ಪದೆ ಬರುವವರು. ಬಂದರೂ ನೀರಿಗಿಳಿಯುವುದಿಲ್ಲ, ಬಿಸಿಲಿಗೆ ಮೈಚಾಚುವುದಿಲ್ಲ. ಲೇಸು ಬಿಗಿದ ಬೂಟಿನಲ್ಲೇ ಮಡಚುಕುರ್ಚಿಯ ತುದಿಯಲ್ಲಿ ಕೂತು ಬೇರೆಯವರ ಮಕ್ಕಳನ್ನು ಕಾಯುತ್ತಾರೆ. ರೋವೆನಾ ಕೆಲಸದಿಂದ ಬರುವುದು ತಡವಾದರೆ ಟೆಸ್ಸಿಯನ್ನು ಶಾಲೆಯಿಂದ ಕರೆತಂದು ತಿಂಡಿ ಕೊಡುವವರೂ ಅವರೇ.

ಈ ಕಡಲಿಗೆ ಬಂದವರು ಮೊದಲು ಮಾಡುವ ಕೆಲಸವೆಂದರೆ ಪಟ್ಟೆಪಟ್ಟೆಯ ಗಾಳಿತಡೆ ಬಟ್ಟೆಯ ಗೂಟಗಳನ್ನು ಮರಳಿಗೆ ಬಡಿದು, ಅದರ ಹಿಂದೆ ಸ್ವೆಟರು ತೊಟ್ಟು ನಡುಗುತ್ತಾ ಕೂರುವುದು. ಆವತ್ತು ಅದು ಬೇಕಾಗಲೇ ಇಲ್ಲ. ಗಾಳಿ ನೆಲದ ಕಡೆಯಿಂದ ಬೆಚ್ಚಗೆ ಬೆನ್ನಿಗೆ ಬೀಸುತ್ತಿತ್ತು. ಎಲ್ಲರಿಗೂ ಹಬ್ಬ. ಗದ್ದಲ ಬೇಡವೆಂದು ಜೀವರಕ್ಷಕರು ಕಾವಲಿರುವ ಜಾಗದ ಬಾವುಟಗಳನ್ನು ದಾಟಿ, ಕಲ್ಲುಹರಳಿನ ಪಟ್ಟಿಯನ್ನೂ ದಾಟಿ ಚಾಪೆ ಹಾಸಿದರು.

ಬೆರಿಲ್ ಮೀನಂಗಡಿಯ ಮೇಲಿನ ಬಾವುಟ ನೋಡಿದರು. ಅದರ ತುದಿ ಸಮುದ್ರದತ್ತ ಚಾಚಿತ್ತು.

"ರೋವೆನಾ, ಟೆಸ್ಸಿಯ ಆ ತೇಲೋ ರಬ್ಬರ್ ಹಂಸದ ಗಾಳಿ ಬಿಟ್ಟುಬಿಡು."

"ಅಯ್ಯೋ ಬೆರಿಲ್, ಈಗಷ್ಟೇ ಕೆನ್ನೆ ನೋಯೋ ಹಾಗೆ ಊದಿದ್ದೀನಿ! ನೋಡಿ, ಸಮುದ್ರ ತಟ್ಟೆಯಲ್ಲಿಟ್ಟ ನೀರಿನ ಹಾಗಿದೆ."

"ಅದಕ್ಕೇ ಹೇಳಿದ್ದು."

ಎದುರುಮನೆಯ ಗ್ಲೆನಿಸ್ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ, "ಮಳೆ ಬಂದ್ರೂ ಗೊಣಗ್ತೀಯ, ಬಿಸಿಲು ಬಂದ್ರೂ ಗೊಣಗ್ತೀಯ. ನಿನಗೂ ಆ ಬೂಟಿಗೂ ಮದುವೆ ಮಾಡಿಸಿದ ಪಾದ್ರಿ ಯಾರೇ?" ಎಂದಳು. ಎಲ್ಲರೂ ನಕ್ಕರು. ಟೆಸ್ಸಿಯ ತುಟಿ ಅಳುವಿಗೆ ತಿರುಗಿದ್ದು ಕಂಡು ರೋವೆನಾ, "ಮೊಣಕಾಲುದ್ದ ನೀರು ದಾಟಬಾರದು, ಗೊತ್ತಾಯ್ತಾ?" ಎಂದು ಹೇಳಿ ಅವಳನ್ನು ಹಂಸದ ಜೊತೆ ನೀರಿಗೆ ಬಿಟ್ಟಳು.

ಅವಳು ಮೊಟ್ಟೆ ಸ್ಯಾಂಡ್‌ವಿಚ್ಚಿನ ಪೊಟ್ಟಣ ಬಿಚ್ಚಿದ್ದಷ್ಟೇ. ಕುರ್ಚಿ ಉರುಳಿದ ಸದ್ದಿಗೆ ತಲೆಯೆತ್ತಿದರೆ ಬೆರಿಲ್ ಎದ್ದು ಓಡುತ್ತಿದ್ದರು. ಅಲೆಯಿಲ್ಲ, ಅಬ್ಬರವಿಲ್ಲ. ಯಾರೋ ದಾರ ಕಟ್ಟಿ ಎಳೆದ ಹಾಗೆ ಹಂಸ ನೆಲದ ಗಾಳಿಗೆ ಕಡಲೊಳಕ್ಕೆ ಜಾರುತ್ತಿತ್ತು. ಅದರ ಮೇಲೆ ಕೆಂಪು ಟೋಪಿಯ ಟೆಸ್ಸಿ. ಬಾಯಿ ತೆರೆದಿತ್ತು. ದನಿ ಮಾತ್ರ ಬರುತ್ತಿರಲಿಲ್ಲ.

ರೋವೆನಾ ಸೊಂಟದುದ್ದ ನೀರಿಗೆ ನುಗ್ಗಿದ್ದಳು. ಹಿಂದಿನಿಂದ ಬೆರಿಲ್ ಅವಳ ಅಂಗಿ ಹಿಡಿದರು.

"ಈಜಬೇಡ!"

"ಬಿಡ್ರೀ! ನನ್ನ ಮಗು!"

"ನಮ್ಮಪ್ಪನೂ ಹೀಗೇ ಈಜ್ಕೊಂಡು ಹೋದ್ರು. ತೇಲ್ಕೊಂಡು ಹೋಗ್ತಿದ್ದ ನನ್ನ ತಮ್ಮ, ದೋಣಿಯವರಿಗೆ ಸಿಕ್ಕ. ಅಪ್ಪ ಸಿಗಲಿಲ್ಲ. ಇಲ್ಲೇ ನಿಂತ್ಕೋ. 'ಗಟ್ಟಿಯಾಗಿ ಹಿಡ್ಕೋ, ಇಳೀಬೇಡ' ಅಂತ ಅವಳಿಗೆ ಕೂಗು. ಗಾಳಿ ಅತ್ತ ಹೋಗ್ತಿದೆ, ಅವಳ ಮಾತು ನಿನಗೆ ಕೇಳಲ್ಲ, ನಿನ್ನದು ಅವಳಿಗೆ ಕೇಳುತ್ತೆ. ಅವಳ ಮೇಲಿಂದ ಕಣ್ಣು ಕೀಳಬೇಡ!"

ಬೂಟುಗಳು ಕಲ್ಲುಹರಳಿನ ಮೇಲೆ ಕರಕರ ಸದ್ದು ಮಾಡುತ್ತಾ ಬಾವುಟಗಳತ್ತ ಓಡಿದವು. ಆಮೇಲೆ ಆ ಸದ್ದೂ ಇಲ್ಲ.

ನಿಲ್ಲುವುದು ಅಷ್ಟು ಕಷ್ಟವೆಂದು ರೋವೆನಾಗೆ ಗೊತ್ತಿರಲಿಲ್ಲ. ಕಾಲುಗಳು ತಾವಾಗಿಯೇ ಮುಂದೆ ಹೋಗುತ್ತಿದ್ದವು. ನಗುತ್ತಿದ್ದ ಗ್ಲೆನಿಸ್ ಈಗ ನೀರಿನಲ್ಲಿ ನಿಂತು, ಸೊಂಟಕ್ಕೆ ಕೈ ಸುತ್ತಿ ಅವಳನ್ನು ಹಿಂದಕ್ಕೆಳೆದು ಹಿಡಿದಿದ್ದಳು. "ಹಿಡ್ಕೋ ಟೆಸ್ಸಿ! ಕೈ ಬಿಟ್ರೆ ನೋಡು!" ಎಂದು ಕೂಗಿ ಕೂಗಿ ರೋವೆನಾಳ ಗಂಟಲು ಹರಿಯಿತು. ಕೆಂಪು ಟೋಪಿ ಗುಂಡಿಯಷ್ಟಾಯಿತು, ಮಣಿಯಷ್ಟಾಯಿತು. ಒಮ್ಮೆ ಒಂದು ಪುಟ್ಟ ಕೈ ಎದ್ದಿತು. ಬೀಸಲಿಕ್ಕೋ, ಜಾರಿಯೋ? ಅಷ್ಟರಲ್ಲಿ ಬಿಸಿಲಿನ ಹೊಳಪು ಎಲ್ಲವನ್ನೂ ನುಂಗಿತು. ಏನೂ ಕಾಣದ ನೀರಿಗೇ ಅವಳು ಕೂಗುತ್ತಿದ್ದಳು.

ಬಾವುಟಗಳ ಕಡೆಯಿಂದ ಹೊರಟ ರಬ್ಬರ್ ದೋಣಿ ಆ ಹೊಳಪನ್ನು ಸೀಳಿಕೊಂಡು ಹೋಯಿತು. ತಿರುಗಿ ಬರುವಾಗ ಅದರಲ್ಲಿ ಕೆಂಪು ಟೋಪಿಯಿತ್ತು.

ಟವಲಿನೊಳಗಿಂದ ಟೆಸ್ಸಿ ಹಲ್ಲು ಕಟಕಟಿಸುತ್ತಾ, "ನೀನು ಬೈತಾ ಇದ್ದಿದ್ದು ಕೇಳಿಸ್ತಮ್ಮಾ. ಅದಕ್ಕೇ ಕೈ ಬಿಡ್ಲಿಲ್ಲ" ಎಂದಳು.

ಬೆರಿಲ್ ಬಹಳ ನಿಧಾನವಾಗಿ ನಡೆದು ಬಂದರು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಕುರ್ಚಿಯತ್ತ ಹೋಗದೆ ಮರಳಿನ ಮೇಲೇ ಕುಸಿದರು.

"ಆವತ್ತು ನಾನು ನಿನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳು," ಎಂದರು, ಯಾರನ್ನೂ ನೋಡದೆ. "ಓಡು, ಜನರನ್ನ ಕರಿ ಅಂದ್ರು ಅಪ್ಪ. ಬರಿಗಾಲು. ಆ ಕಲ್ಲಿನ ಮೇಲೆ ಓಡೋಕಾಗದೆ ಅಲ್ಲೇ ಕೂತು ಅತ್ತೆ."

ಗ್ಲೆನಿಸ್ ಅವರ ಕೈಗೆ ಚಹಾ ಇಟ್ಟಳು. ಬೆರಿಲ್ ಅದನ್ನು ಮರಳಲ್ಲಿ ಊರಿಟ್ಟರು. ಏನಾದರೂ ಮಾಡಬೇಕಲ್ಲ ಎಂದು ರೋವೆನಾ, ದೋಣಿಯವರು ತಂದುಕೊಟ್ಟ ಹಂಸದ ಬಿರಡೆ ಕಿತ್ತು, ಮೊಣಕಾಲೂರಿ ಗಾಳಿ ಹಿಂಡತೊಡಗಿದಳು. ಬೆರಿಲ್ ಬಗ್ಗಿ ಒದ್ದೆ ಲೇಸಿನ ಗಂಟಿಗೆ ಕೈ ಹಾಕಿದರು. ಗಂಟು ಸಡಿಲವಾಗಲಿಲ್ಲ. ಇನ್ನೊಮ್ಮೆ ಹಾಕಿದರು.

"ರೋವೆನಾ, ಅದು ಆಮೇಲೆ. ಮೊದಲು ನನ್ನ ಬೂಟು ಬಿಚ್ಚಿ ಕೊಡ್ತೀಯಾ, ಪುಟ್ಟಾ?"